ಹೊಸ ಶಿಲ್ಪಗಳ ಛಾಯಾಚಿತ್ರವೂ ನಮ್ಮ ಹಿರಿಯರ ಆಕ್ಷೇಪಣೆಯೂ

ಮುಂಬಯಿಯ ಕಟ್ಟಡಗಳ ಮೇಲಿರುವ ಆರ್ಟ್ ಡೆಕೋ ಶಿಲ್ಪಗಳ ಛಾಯಾಚಿತ್ರಗಳನ್ನು ತೆಗೆದು ತರುವ ತರುಣರನ್ನು ನಮ್ಮ ಸಂಘದ ಕೆಲವು ಹಿರಿಯರು ಹೀಯಾಳಿಸುತ್ತಿರುವರು. ಚಂದ್ರವಳ್ಳಿ, ಜೋಗಿಮಟ್ಟಿ, ಏಳುಸುತ್ತಿನ ಕೋಟೆ ಇವೆಲ್ಲ ಕಣ್ಣೆದುರಿಗಿರಲು ಪಾಶ್ಚಾತ್ಯಾನುಕರಣದ ಬೊಂಬೆಗಳಿಗಾಗಿ ಕಾಲಹರಣವೇಕೆ ಎಂಬುದು ಅವರ ಪೂರ್ವಪಕ್ಷ.

ಈ ಶೈಲಿಗೆ 1925ರ ಪ್ಯಾರಿಸ್ ಪ್ರದರ್ಶನದಿಂದ ಹೆಸರು ಬಂದಿತೆಂಬುದು ನಿಜ. ಆದರೆ ಮುಂಬಯಿಯ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1936ರಲ್ಲಿ ಮುಗಿದ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡವನ್ನು ಈ ಮಹನೀಯರು ತಲೆಯೆತ್ತಿ ನೋಡಿರುವರೆ? ಶಿಲ್ಪಿ ಎನ್. ಜಿ. ಪಾನ್ಸರೆಯವರು ಅಲ್ಲಿ ಮೂಡಿಸಿರುವುದು ಬೇಸಾಯವನ್ನು, ಕುಂಬಾರಿಕೆಯನ್ನು, ನೂಲುವ ಕೆಲಸವನ್ನು. ಹಿರಿಯೂರು ಹೊಳಲ್ಕೆರೆಗಳ ದುಡಿಮೆಯೂ ಇದೇ ಅಲ್ಲವೆ? ರೇಖೆಗಳು ಗಡುಸು; ಹೊಯ್ಸಳರ ಕುಸುರಿಯಿಲ್ಲ. ಇರಬೇಕೆಂದು ವಿಧಿಸಿದವರಾರು? 2018ರಲ್ಲಿ ಯುನೆಸ್ಕೋ ಮುಂಬಯಿಯ ಗಾಥಿಕ್ ಮತ್ತು ಆರ್ಟ್ ಡೆಕೋ ಕಟ್ಟಡಗಳ ಸಮುಚ್ಚಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮವರ ತಿರಸ್ಕಾರವು ಮಾತ್ರ ಕದಲಲಿಲ್ಲ.

ಬೇಲೂರಿನ ದಾಸೋಜನೂ ಸೋಮನಾಥಪುರದ ಮಲ್ಲಿತಮ್ಮನೂ ಶಿಲೆಯ ಮೇಲೆಯೇ ತಮ್ಮ ಹೆಸರನ್ನು ಕೊರೆದುಹೋದರು. ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ, 1919ರಲ್ಲಿ ಬೇಲೂರಿನ ದೇವಾಲಯಗಳ ಮೇಲೆ ಸಚಿತ್ರ ಗ್ರಂಥಗಳನ್ನು ಪ್ರಕಟಿಸಿದರು. ಆ ಚಿತ್ರಪಟಗಳಿಂದ ಎಷ್ಟೋ ಮನೆಗಳವರು ಕುಳಿತಲ್ಲಿಯೇ ಆ ಶಿಲ್ಪವನ್ನು ಕಂಡರು. ಪಾನ್ಸರೆಯವರಂಥವರಿಗೆ ಈ ಭಾಗ್ಯವೆಲ್ಲಿ? ಬೀದಿಯಲ್ಲಿ ನಡೆಯುವ ಸಹಸ್ರಾರು ಜನಕ್ಕೆ ಅವರ ಹೆಸರೇ ತಿಳಿಯದು. ನಾಳೆ ಶಿಲ್ಪದ ಮೇಲೆ ಬಣ್ಣ ಬಳಿದರೆ, ಫಲಕವೊಂದನ್ನು ಅಡ್ಡಲಾಗಿ ಮೊಳೆಹೊಡೆದರೆ, ಇದ್ದುದು ಹೇಗಿತ್ತೆಂದು ಸಾಕ್ಷಿ ಹೇಳಲು ಛಾಯಾಚಿತ್ರವೊಂದೇ ಉಳಿಯುವುದು.

ತರುಣರಿಗೂ ಎರಡು ಮಾತು. ಶಿಲ್ಪಕ್ಕೆ ಬೆನ್ನುಮಾಡಿ ತಮ್ಮ ಮುಖವನ್ನೇ ಹಿಡಿದುಕೊಳ್ಳುವ ಚಿತ್ರದಿಂದ ಯಾರಿಗೇನು ಲಾಭ? ಗೋಡೆಯ ಬುಡದಲ್ಲಿ ನಿಂತು ಮೇಲ್ಮುಖವಾಗಿ ತೆಗೆದರೆ ಮೂರ್ತಿಯ ಪ್ರಮಾಣವು ಕೆಡುವುದು. ಎದುರು ಕಾಲುದಾರಿಗೆ ಸರಿಯಿರಿ. ಉಬ್ಬುಶಿಲ್ಪಕ್ಕೆ ಓರೆಬೆಳಕು ಬೇಕು, ಎದುರುಬಿಸಿಲಿನಲ್ಲಿ ಎಲ್ಲವೂ ಚಪ್ಪಟೆ. ಕಾವಲುಗಾರನು ಗದರಿಸಿದರೆ ಅಂಜಬೇಕಾದುದಿಲ್ಲ: ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪದ ಛಾಯಾಚಿತ್ರವು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು 1957ರ ಕಾಯಿದೆಯ 52ನೆಯ ಪ್ರಕರಣವೇ ಹೇಳುವುದು. ಬೀದಿಯಲ್ಲಿಯೇ ನಿಂತು ತೆಗೆಯಿರಿ.

ಚಿತ್ರದ ಕೆಳಗೆ ಕಟ್ಟಡದ ಹೆಸರು, ವರ್ಷ, ಶಿಲ್ಪಿಯ ಹೆಸರು ಇರತಕ್ಕದ್ದು. "ಮುಂಬಯಿಯ ಒಂದು ಹಳೆಯ ಕಟ್ಟಡ" ಎಂದಷ್ಟೇ ಬರೆದು ಕಳುಹಿಸಿದ ಚಿತ್ರಗಳನ್ನು ಈ ಪತ್ರಿಕೆಯ ಸಂಪಾದಕರು ನಿರ್ದಾಕ್ಷಿಣ್ಯವಾಗಿ ಹಿಂದಕ್ಕೆ ಕಳುಹಿಸಲಿ.