ಶಾಲೆಗೆ ದ್ವಾರ ಸಾಕು, ತಿಂಗಳ ವಂತಿಗೆ ಬೇಕು

ನಮ್ಮಲ್ಲಿ ಹೆಚ್ಚಿನವರಿಗೆ ಊರಿನ ಶಾಲೆ ನೆನಪಾಗುವುದು ಎರಡೇ ಸಂದರ್ಭಗಳಲ್ಲಿ. ಒಂದು, ಪಾಸ್‌ಪೋರ್ಟಿನಲ್ಲಿ ಹೆಸರೋ ಹುಟ್ಟಿದ ತಾರೀಕೋ ತಪ್ಪಾಗಿ, ಶಾಲೆಯ ದಾಖಲಾತಿ ಪುಸ್ತಕ ನೋಡಿ ಒಂದು ಸರ್ಟಿಫಿಕೇಟ್ ಬರೆಸಬೇಕಾದಾಗ. ಇನ್ನೊಂದು, ಶಾಲೆಗೆ ಐವತ್ತೋ ನೂರೋ ವರ್ಷ ತುಂಬಿ, 'ಹಳೆ ವಿದ್ಯಾರ್ಥಿಗಳು' ಎಂಬ ಹೊಸ ವಾಟ್ಸಾಪ್ ಗ್ರೂಪಿಗೆ ಯಾರೋ ನಮ್ಮನ್ನು ಸೇರಿಸಿದಾಗ. ಮೊದಲನೆಯದರಲ್ಲಿ ನಾವು ಶಾಲೆಯ ಹತ್ತಿರ ಕೇಳುತ್ತೇವೆ, ಎರಡನೆಯದರಲ್ಲಿ ಶಾಲೆ ನಮ್ಮ ಹತ್ತಿರ ಕೇಳುತ್ತದೆ. ಕೆಲಸ ಆದ ಮೇಲೆ ಎರಡೂ ಕಡೆ ಮೌನ. ಆದರೂ ವೇದಿಕೆ ಹತ್ತಿದರೆ 'ಶಾಲೆಯೊಂದಿಗಿನ ನಮ್ಮ ಅವಿನಾಭಾವ ಸಂಬಂಧ' ಎಂದೇ ಭಾಷಣ ಶುರು ಮಾಡುತ್ತೇವೆ.

ಸ್ವಲ್ಪ ಕಟುವಾಗಿಯೇ ಹೇಳುತ್ತೇವೆ, ಓದುಗರು ಬೇಸರಿಸಬಾರದು. ನಮ್ಮೂರುಗಳ ಎಷ್ಟೋ ದ.ಕ. ಜಿ.ಪಂ. ಹಿರಿಯ ಪ್ರಾಥಮಿಕ ಶಾಲೆಗಳ ಮುಂದೆ ಈಗ ಚಂದದ ಪ್ರವೇಶ ದ್ವಾರ ಉಂಟು. ಅದರ ಮೇಲೆ ಗ್ರಾನೈಟಿನಲ್ಲಿ ದಾನಿಗಳ ಹೆಸರು. ರಂಗಮಂಟಪ ಉಂಟು, ಅಲ್ಲೂ ಹೆಸರು. ಫ್ಯಾನಿನ ಮೂರು ರೆಕ್ಕೆಗಳಲ್ಲೂ ಹೆಸರು. ದ್ವಾರ ದಾಟಿ ಒಳಗೆ ಹೋದರೆ ಐದು ತರಗತಿಗೆ ಇಬ್ಬರು ಟೀಚರ್. ಅವರಲ್ಲಿ ಒಬ್ಬರು ಹೆಡ್ ಮಾಸ್ಟ್ರು. ಅವರಿಗೆ ಮೀಟಿಂಗು, ಬಿಸಿಯೂಟದ ಲೆಕ್ಕ, ಇಲಾಖೆಯ ಮಾಹಿತಿ ತುಂಬಿಸುವ ಕೆಲಸ. ಉಳಿದವರು ಒಬ್ಬರು. ಹೀಗಿದ್ದಾಗ ಪಾಠ ಯಾವಾಗ, ಯಾರಿಗೆ?

ನಮ್ಮಲ್ಲಿ ಕಾಮರ್ಸ್ ಓದಿ ಇಲ್ಲಿನ ಕಂಪೆನಿಗಳಲ್ಲಿ ಲೆಕ್ಕ ಬರೆಯುವವರು ಸಾಕಷ್ಟು ಜನ ಇದ್ದೇವೆ. ಬಿ.ಕಾಂ. ಮೊದಲ ವರ್ಷದಲ್ಲೇ ನಮಗೆ ಕಲಿಸಿದ ಪಾಠ ಇದು: ಕ್ಯಾಪಿಟಲ್ ಖರ್ಚು ಬೇರೆ, ರೆವೆನ್ಯೂ ಖರ್ಚು ಬೇರೆ. ಮೆಶಿನ್ ಖರೀದಿ ಒಮ್ಮೆ. ಅದನ್ನು ಓಡಿಸುವ ಕರೆಂಟು, ಎಣ್ಣೆ, ಆಳಿನ ಸಂಬಳ ಪ್ರತಿ ತಿಂಗಳು. ಮೆಶಿನ್ ಖರೀದಿಸಿ ತಿಂಗಳ ಖರ್ಚಿಗೆ ದಾರಿ ಮಾಡದ ಕಂಪೆನಿ ಮುಚ್ಚುತ್ತದೆ ಎಂದು ಇಲ್ಲಿನ ಮುದೀರನಿಗೆ ನಾವೇ ಬುದ್ಧಿ ಹೇಳುತ್ತೇವೆ. ಊರಿನ ಶಾಲೆಯ ವಿಷಯ ಬಂದಾಗ ಈ ಬುದ್ಧಿ ಎಲ್ಲಿ ಹೋಗುತ್ತದೆ? ನಮಗೆ ಗೊತ್ತಿರುವ ಒಂದು ಶಾಲೆಗೆ ಗಲ್ಫಿನವರು ಸೇರಿ ಹತ್ತು ಕಂಪ್ಯೂಟರ್ ಕೊಟ್ಟರು. ರಿಬ್ಬನ್ ಕತ್ತರಿಸಿದ ಫೋಟೊ ಎಲ್ಲ ಗ್ರೂಪುಗಳಲ್ಲಿ ಸುತ್ತಿತು. ಎರಡನೇ ವರ್ಷ ಯುಪಿಎಸ್ ಬ್ಯಾಟರಿ ಹೋಯಿತು. ಬದಲಾಯಿಸಲು ದುಡ್ಡಿಲ್ಲ, ಕಲಿಸಲು ಜನವಿಲ್ಲ. ಈಗ ಆ ಕಂಪ್ಯೂಟರುಗಳ ಮೇಲೆ ಹಳೆ ಬೆಡ್‌ಶೀಟ್ ಹೊದೆಸಿ ಇಟ್ಟಿದ್ದಾರೆ. ಕಂಪ್ಯೂಟರ್ ಕೊಟ್ಟವರಿಗೆ ಇದು ಗೊತ್ತಿಲ್ಲ, ಯಾಕೆಂದರೆ ಆಮೇಲೆ ಯಾರೂ ಫೋನ್ ಮಾಡಿ ಕೇಳಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಶಾಲೆಯಲ್ಲಿ ಕಲಿತ 40 ಮಂದಿ ಗಲ್ಫಿನಲ್ಲಿ ಇದ್ದಾರೆ ಎಂದಿಟ್ಟುಕೊಳ್ಳಿ. ತಲಾ ತಿಂಗಳಿಗೆ 250 ರೂಪಾಯಿ. ಕೆಫೆಟೇರಿಯಾದಲ್ಲಿ ನಾಲ್ಕೈದು ದಿನ ಕುಡಿಯುವ ಕರಕ್ ಚಹಾ, ತಿನ್ನುವ ಪರೋಟದ ದುಡ್ಡು. ತಿಂಗಳಿಗೆ 10,000, ವರ್ಷಕ್ಕೆ 1,20,000 ಆಯಿತು. ಊರಿನಲ್ಲೇ ಡಿ.ಎಡ್. ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗಿಯೊಬ್ಬಳನ್ನು ಗೌರವ ಶಿಕ್ಷಕಿಯಾಗಿ ಇಟ್ಟುಕೊಳ್ಳುವ ಧೈರ್ಯ ಎಸ್‌ಡಿಎಂಸಿಗೆ ಬರಲು ಇಷ್ಟು ಸಾಕು. ಮೂರು ಲಕ್ಷದ ಒಂದು ದ್ವಾರದ ದುಡ್ಡಿನಲ್ಲಿ ಇದು ಎರಡೂವರೆ ವರ್ಷ ನಡೆಯುತ್ತದೆ. ದ್ವಾರ ಯಾವ ಮಗುವಿಗೂ ಕಾಗುಣಿತ ಕಲಿಸುವುದಿಲ್ಲ.

'ತಿಂಗಳು ತಿಂಗಳು ಕೊಡುವುದು ಯಾರಿಂದ ಆಗ್ತದೆ ಮಾರಾಯ್ರೆ' ಎನ್ನುವವರಿಗೆ ಒಂದು ಮಾತು. ನಾವು ಜಮಾಅತಿಗೆ ತಿಂಗಳ ವಂತಿಗೆ ಕೊಡುವವರು. ಸಂಬಳ ತಡವಾದರೂ, ಕಂಪೆನಿ ಮುಚ್ಚಿದರೂ, ಅಣ್ಣನಿಗೆ ಹೇಳಿಯಾದರೂ ವಂತಿಗೆ ಬಾಕಿ ಉಳಿಯದಂತೆ ನೋಡಿಕೊಳ್ಳುವವರು. ಬಾಕಿ ಉಳಿದರೆ ಮಯ್ಯತ್ತಿಗೂ ಮದುವೆಗೂ ಮುಖ ತೋರಿಸಲು ನಾಚಿಕೆ ನಮಗೆ. ಆ ಶಿಸ್ತು ನಮ್ಮಲ್ಲಿ ಮೊದಲೇ ಉಂಟು, ಹೊಸದಾಗಿ ಕಲಿಯಬೇಕಾಗಿಲ್ಲ. ಶಾಲೆಯ ಬಾಕಿಗೂ ಅಷ್ಟೇ ನಾಚಿಕೆಪಡಲು ಕಲಿತರೆ ಸಾಕು.

ಇನ್ನೊಂದು ಆಕ್ಷೇಪ ಬರುತ್ತದೆ: 'ಟೀಚರ್ ಕೊಡುವುದು ಸರಕಾರದ ಕೆಲಸ. ನಾವು ಯಾಕೆ?' ಸರಿಯಾದ ಮಾತು. ಟೀಚರ್ ಕೊಡುವುದು ಸರಕಾರದ ಕೆಲಸವೇ, ಅದನ್ನು ನಾವು ಶಾಶ್ವತವಾಗಿ ಹೊತ್ತುಕೊಳ್ಳಲೂ ಬಾರದು. ಆದರೆ ಸರಕಾರ ಲೆಕ್ಕ ಹಾಕುವುದು ಹೇಗೆ ಎಂದು ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಉಳಿದ ಮಕ್ಕಳೂ ಹೋಗುತ್ತಾರೆ. ಈ ಇಳಿಜಾರಿನಲ್ಲಿ ಒಂದೆರಡು ವರ್ಷ ಶಾಲೆಯನ್ನು ಹಿಡಿದು ನಿಲ್ಲಿಸುವವರು ಬೇಕು. ಜೊತೆಗೆ, ಖಾಲಿ ಹುದ್ದೆ ಎಷ್ಟು ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದು ಕೇಳುವವರೂ ಬೇಕು. ಊರಿನ ಶಾಸಕರು ಇಲ್ಲಿಗೆ ಬಂದಾಗ ಹೋಟೆಲಿನ ಹಾಲ್ ಹಿಡಿದು, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಸಾಲು ಹಿಡಿದು ಸೆಲ್ಫಿ ತೆಗೆಯುತ್ತೇವೆ. ಆ ಸಾಲಿನಲ್ಲಿ ನಿಂತವರಲ್ಲಿ ಒಬ್ಬರಾದರೂ 'ನಮ್ಮ ಶಾಲೆಗೆ ಗಣಿತದ ಟೀಚರ್ ಯಾವಾಗ ಬರ್ತಾರೆ' ಎಂದು ಕೇಳಿದ್ದುಂಟಾ?

ಕೇಳುವುದಿಲ್ಲ, ಯಾಕೆಂದರೆ ನಮ್ಮ ಮಕ್ಕಳು ಅಲ್ಲಿ ಇಲ್ಲ. ಅದು ನಿಜ, ಅದಕ್ಕೆ ಯಾರನ್ನೂ ಇಲ್ಲಿ ದೂರುವುದಿಲ್ಲ. ಆದರೆ ಒಂದು ನೆನಪಿರಲಿ. ನಮ್ಮ ಮನೆಮಾತು ಬ್ಯಾರಿ, ಪೇಟೆಯಲ್ಲಿ ತುಳು. ನಮಗೆ ಕನ್ನಡ ಸಿಕ್ಕಿದ್ದು ಆ ಹಂಚಿನ ಮಾಡಿನ ಶಾಲೆಯಲ್ಲೇ. ಈ ಪತ್ರಿಕೆಯನ್ನು ಲೇಬರ್ ಕ್ಯಾಂಪಿನ ಬಂಕ್ ಬೆಡ್ಡಿನಲ್ಲಿ ಮಲಗಿ ಓದುವ ನಮ್ಮ ಅಣ್ಣ-ತಮ್ಮಂದಿರಿಗೆಲ್ಲ ಅಕ್ಷರ ತಿದ್ದಿಸಿದ್ದು ಅಲ್ಲಿನ ಟೀಚರುಗಳು. ಇಲ್ಲಿ ಸಿಬಿಎಸ್‌ಇ ಓದುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಈ ಪುಟ ಓದಬಲ್ಲರು? ಆ ಶಾಲೆ ಮುಚ್ಚಿದರೆ ಬ್ಯಾರಿಗಳು ಕನ್ನಡ ಓದಿ ಬರೆಯುವ ದಾರಿಯೇ ಕಿರಿದಾಗುತ್ತದೆ. ಆಮೇಲೆ ಈ ಪತ್ರಿಕೆ ಯಾರಿಗೆ?

ಈಗ, ಹಳೆ ವಿದ್ಯಾರ್ಥಿ ಎಂದರೆ ಯಾರು ಎಂಬ ಪ್ರಶ್ನೆ. ನಮ್ಮ ಸಮಾವೇಶಗಳನ್ನು ನೋಡಿದರೆ, ಉದ್ಯಮಿ, ಇಂಜಿನಿಯರ್, ಡಾಕ್ಟರ್ ಮಾತ್ರ ಹಳೆ ವಿದ್ಯಾರ್ಥಿ ಎಂಬಂತಿದೆ. ಏಳನೇ ತರಗತಿಗೆ ಶಾಲೆ ಬಿಟ್ಟು ಬಕಾಲಕ್ಕೆ ಬಂದವನು, ಹತ್ತು ವರ್ಷದಿಂದ ಟ್ರೈಲರ್ ಓಡಿಸುವವನು ಕೊನೆಯ ಸಾಲಿನಲ್ಲಿ ಕೂತು, ಬಿರಿಯಾನಿ ತಿಂದು, ಯಾರ ಹತ್ತಿರವೂ ಮಾತಾಡದೆ ಹೋಗುತ್ತಾನೆ. ಮುಂದಿನ ಸಲ ಬರುವುದೂ ಇಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರು, ಡಾಕ್ಟರನ ಹೆಸರು ಮೇಲೆ ಕೆಳಗೆ ಒಂದೇ ಶಾಯಿಯಲ್ಲಿ ಉಂಟು. ಅದನ್ನು ಬೇರೆ ಮಾಡಿದ್ದು ನಾವು. ಇನ್ನು ಒಂದೇ ಬೆಂಚಿನಲ್ಲಿ ಅಲ್ಲದಿದ್ದರೂ ಒಂದೇ ಕೋಣೆಯಲ್ಲಿ ಕೂತು ಕಲಿತ ಹುಡುಗಿಯರ ಹೆಸರು ಗ್ರೂಪುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಅದೇ ಊರಿನಲ್ಲಿ ಇದ್ದಾರೆ, ಅವರ ಮಕ್ಕಳು ಅದೇ ಶಾಲೆಗೆ ಹೋಗುತ್ತಾರೆ. ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಭಾಗ ಹೆತ್ತವರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು ಎಂದು ಅದೇ 2009ರ ಕಾಯಿದೆ ಹೇಳುತ್ತದೆ. ಶಾಲೆಯಲ್ಲಿ ಏನು ಬೇಕು, ಏನು ಬೇಡ ಎಂದು ಅವರಿಗೆ ಗೊತ್ತಿರುವಷ್ಟು ದುಬೈಯಲ್ಲಿ ಕೂತ ನಮಗೆ ಗೊತ್ತಿಲ್ಲ. ಅವರನ್ನು ಕೇಳದೆ ದ್ವಾರ ಕಟ್ಟುತ್ತೇವೆ.

ಹಣ ಕೊಡಲಾಗದವರೂ ಕೊಡಬಹುದಾದ ಒಂದು ದೊಡ್ಡ ವಸ್ತು ಉಂಟು: ಗಲ್ಫಿನ ಸತ್ಯ. ನಾವು ಊರಿಗೆ ಕಳಿಸುವುದು ಬುರ್ಜ್ ಖಲೀಫಾದ ಎದುರಿನ ಫೋಟೊ, ಧಣಿಯ ಕಾರಿಗೆ ಒರಗಿ ನಿಂತ ಫೋಟೊ. ಅದನ್ನು ನೋಡುವ ಒಂಬತ್ತನೇ ತರಗತಿಯ ಹುಡುಗ 'ಓದಿ ಎಂತಕ್ಕೆ, ವೀಸಾ ಸಿಕ್ಕಿದರೆ ಆಯ್ತು' ಎಂದು ಪುಸ್ತಕ ಮುಚ್ಚುತ್ತಾನೆ. ಹತ್ತನೇ ಪಾಸಾಗದವನ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವನಿಗೆ ಎಮಿಗ್ರೇಶನ್ ಅನುಮತಿ ಬೇಕು ಎಂದು ಅವನಿಗೆ ಯಾರು ಹೇಳಿದ್ದಾರೆ? ಅದನ್ನು ತಪ್ಪಿಸಲು ಏಜೆಂಟ್ ವಿಸಿಟ್ ವೀಸಾದಲ್ಲಿ ಹತ್ತಿಸಿದರೆ ಇಲ್ಲಿ ಏನು ಗತಿ ಎಂದು ಯಾರು ಹೇಳಿದ್ದಾರೆ? ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಒಮ್ಮೆ ಫೇಲಾದವನು ಅದೇ ವರ್ಷ ಮತ್ತೆ ಬರೆಯಬಹುದು ಎಂದು ಫೇಲಾದ ಹುಡುಗನ ಉಮ್ಮನಿಗೆ ಯಾರು ಹೇಳಿದ್ದಾರೆ?

ಇದನ್ನು ಹೇಳಲು ನಮ್ಮ ಟ್ರೈಲರ್ ಡ್ರೈವರನಿಗಿಂತ ತಕ್ಕವರು ಬೇರೆ ಯಾರಿದ್ದಾರೆ? ಐವತ್ತು ಡಿಗ್ರಿ ಬಿಸಿಲಲ್ಲಿ ನಿಂತವನ ಮಾತಿಗೆ ಆ ಹುಡುಗರು ಕಿವಿ ಕೊಡುವಷ್ಟು ನಮ್ಮಂಥ ಎಸಿ ರೂಮಿನ ಲೆಕ್ಕದವರ ಮಾತಿಗೆ ಕೊಡುವುದಿಲ್ಲ. ಶುಕ್ರವಾರ ನಮ್ಮಲ್ಲಿ ಅನೇಕರಿಗೆ ರಜೆ, ಊರಿನಲ್ಲಿ ಶಾಲೆ ಉಂಟು. ಸೌದಿಯಲ್ಲಿ ಬೆಳಿಗ್ಗೆ ಒಂಬತ್ತು ಎಂದರೆ ಅಲ್ಲಿ ಹನ್ನೊಂದೂವರೆ. ಜುಮಾಕ್ಕೆ ಹೋಗುವ ಮೊದಲು ಅರ್ಧ ಗಂಟೆ, ಹೆಡ್ ಮಾಸ್ಟ್ರ ಒಪ್ಪಿಗೆ ಪಡೆದು, ಹಿರಿಯ ತರಗತಿಯ ಮಕ್ಕಳ ಹತ್ತಿರ ವಿಡಿಯೊದಲ್ಲಿ ಮಾತಾಡಲು ಏನು ಖರ್ಚು?

ಹರೇಕಳ ಹಾಜಬ್ಬರ ಫೋಟೊವನ್ನು ನಾವೆಲ್ಲ ಹಂಚಿದ್ದೇವೆ. ಕಿತ್ತಳೆ ಮಾರುತ್ತಿದ್ದ, ಶಾಲೆಯಲ್ಲಿ ಕಲಿಯದ ನಮ್ಮವರೊಬ್ಬರು ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದರು, 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು, ರಾಷ್ಟ್ರಪತಿಯ ಎದುರು ಬರಿಗಾಲಲ್ಲಿ ನಡೆದು ಹೋದರು. ನಾವು 'ಬ್ಯಾರಿಗಳ ಹೆಮ್ಮೆ' ಎಂದು ಬರೆದು ಕೈ ತೊಳೆದುಕೊಂಡೆವು. ಅವರಿಂದ ಕಲಿಯಬೇಕಾದ ಪಾಠ ಅದಲ್ಲ. ಪ್ರಾಥಮಿಕ ಶಾಲೆ ಆದ ಮೇಲೆ ಅವರು ಮನೆಗೆ ಹೋಗಿ ಮಲಗಲಿಲ್ಲ. ಹೈಸ್ಕೂಲ್ ಬೇಕೆಂದು ಅಲೆದರು, ಅದಾದ ಮೇಲೆ ಪಿಯು ಕಾಲೇಜು ಬೇಕೆಂದು ಅಲೆದರು. ನೆನಪಿಸಿಕೊಳ್ಳಲು ಅವರಿಗೆ ಒಂದು ಹಳೆ ಶಾಲೆಯೇ ಇರಲಿಲ್ಲ. ನಮಗೆ ಇದೆ.

ಕೊಡುವ ದಾರಿಯ ಬಗ್ಗೆಯೂ ಎಚ್ಚರ ಬೇಕು, ಇದನ್ನು ಲೆಕ್ಕದವರಾಗಿ ಒತ್ತಿ ಹೇಳುತ್ತೇವೆ. ನಾವಿರುವ ದೇಶಗಳಲ್ಲಿ ಅನುಮತಿಯಿಲ್ಲದೆ ದೇಣಿಗೆ ಎತ್ತುವುದು ಅಪರಾಧ. ಯುಎಇಯಲ್ಲಿ ಇದಕ್ಕೆಂದೇ 2021ರಲ್ಲಿ ಕಾನೂನು ಬಂದಿದೆ. ಹಾಗಾಗಿ ಕ್ಯಾಂಪಿನಲ್ಲಿ ಪಟ್ಟಿ ಹಿಡಿದು ದುಡ್ಡು ಎತ್ತುವುದು, ಗ್ರೂಪಿನಲ್ಲಿ ಒಬ್ಬನ ಖಾತೆ ಸಂಖ್ಯೆ ಹಾಕುವುದು ಬೇಡವೇ ಬೇಡ. ಒಳ್ಳೆಯ ಉದ್ದೇಶಕ್ಕೆ ಹೊರಟ ಬಡ ಹುಡುಗ ಜೈಲಿಗೆ ಹೋದಾನು. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಬ್ಯಾಂಕ್ ಖಾತೆಯಿಂದ ನೇರವಾಗಿ ಶಾಲೆಯ ಎಸ್‌ಡಿಎಂಸಿ ಖಾತೆಗೆ ಕಳಿಸಲಿ, ರಶೀದಿ ತೆಗೆದುಕೊಳ್ಳಲಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆ ಎಂದು ಪರಿಗಣಿತವಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅಂಥವರು ಮೊದಲು ವಿಚಾರಿಸಿಕೊಳ್ಳಲಿ. ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ತಿಂಗಳ 250 ತಾನಾಗಿ ಹೋಗುತ್ತದೆ, ಮರೆತು ಹೋಯ್ತು ಎನ್ನುವ ಮಾತೇ ಇಲ್ಲ. ವರ್ಷಕ್ಕೊಮ್ಮೆ ಶಾಲೆಯವರು ಜಮಾ-ಖರ್ಚಿನ ಒಂದು ಪುಟ ಗ್ರೂಪಿಗೆ ಹಾಕಲಿ. ಲೆಕ್ಕ ಕೇಳಿದರೆ ಸಂಶಯಪಟ್ಟಂತೆ ಎಂದು ಯಾರೂ ತಿಳಿಯಬಾರದು. ಲೆಕ್ಕ ಕೇಳುವವನು ಸಂಬಂಧ ಇಟ್ಟುಕೊಂಡವನು.

ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಅನೇಕರು ರಜೆಯಲ್ಲಿ ಊರಿಗೆ ಹೋಗುತ್ತೇವೆ. ಆಗ ಅಲ್ಲಿ ಮಳೆ, ಶಾಲೆ ನಡೆಯುತ್ತಿರುತ್ತದೆ. ಮದುವೆ, ಮನೆ ಒಕ್ಕಲು, ಆಸ್ಪತ್ರೆ, ಬ್ಯಾಂಕು ಎಂದು ಓಡಾಡುವ ನಡುವೆ ಒಂದು ಕೆಲಸದ ದಿನ, ಸನ್ಮಾನ ಇಲ್ಲದ ದಿನ, ಶಾಲೆಗೆ ಹೋಗಿ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟದ ತನಕ ಇರಿ. ಎಷ್ಟು ಮಕ್ಕಳು ಬಂದಿದ್ದಾರೆ, ಯಾವ ಮಗು ವಾರದಿಂದ ಬಂದಿಲ್ಲ, ಮಾಡು ಎಲ್ಲಿ ಸೋರುತ್ತದೆ, ಹುಡುಗಿಯರ ಶೌಚಾಲಯದಲ್ಲಿ ನೀರುಂಟಾ, ಅಡುಗೆಯವರಿಗೆ ಏನು ತೊಂದರೆ, ಎಲ್ಲ ಕೇಳಿ ಬರೆದುಕೊಳ್ಳಿ. ವಾಪಸು ಬಂದು ಅದನ್ನೇ ನಿಮ್ಮ ಗ್ರೂಪಿನಲ್ಲಿ ಹಾಕಿ. ಆ ಪಟ್ಟಿ ಓದಿದ ಮೇಲೂ ಯಾರಾದರೂ 'ಈ ಸಲ ಒಂದು ದ್ವಾರ ಕಟ್ಟಿಸೋಣ' ಎಂದರೆ, ಆ ಹುಡುಗಿಯರ ಶೌಚಾಲಯದ ನೀರಿನ ಬಗ್ಗೆ ಅವರನ್ನು ಎಲ್ಲರ ಎದುರೇ ಕೇಳಿ.