ಊರು ಬಿಟ್ಟವರ ಹೆಸರು ಯಾರ ಪಟ್ಟಿಯಲ್ಲಿರಬೇಕು?

ರಗ್ಬಿ ಲೀಗ್ ನಮ್ಮ ಹಳ್ಳಿಗಳಲ್ಲಿ ಆಡುವ ಆಟ ಅಲ್ಲ. ಆದರೂ ಆ ಆಟದ ಬ್ರಯಾನ್ ಬೆವನ್ ಅವರ ಕತೆ ನಮಗೂ ಗೊತ್ತಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಆ ಆಟದ ಇತಿಹಾಸದಲ್ಲೇ ಅತಿ ಹೆಚ್ಚು ಟ್ರೈ ಗಳಿಸಿದವರು ಅವರು, ಒಟ್ಟು 796. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಆದರೆ ಆಸ್ಟ್ರೇಲಿಯಾ ತಂಡದ ಪರವಾಗಿ ಒಂದೇ ಒಂದು ಟೆಸ್ಟ್ ಪಂದ್ಯ ಕೂಡ ಆಡಲಿಲ್ಲ!

ಮೊದಲು ಆಟ ಏನೆಂದು ಎರಡು ಮಾತು. ಒಂದು ಕಡೆಗೆ 13 ಜನ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡಬೇಕು. ಎದುರಾಳಿಗಳು ಹಿಡಿದು ಕೆಡವುತ್ತಾರೆ. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲರನ್ನೂ ತಪ್ಪಿಸಿಕೊಂಡು ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ.

ಇದು ಹುಟ್ಟಿದ್ದೇ ಕೂಲಿಯ ಪ್ರಶ್ನೆಯಿಂದ. ಇಂಗ್ಲೆಂಡಿನ ಉತ್ತರ ಭಾಗದ ಗಣಿ, ಗಿರಣಿಗಳ ಕಾರ್ಮಿಕರು ಆಡಲು ಹೋದರೆ ಅವತ್ತಿನ ಕೂಲಿ ಹೋಗುತ್ತಿತ್ತು. ಆ ನಷ್ಟ ತುಂಬಿಕೊಡಬಾರದು ಎಂದು ರಗ್ಬಿ ಆಡಳಿತ ಹಟ ಹಿಡಿಯಿತು. 1895ರಲ್ಲಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಹಾಗಾಗಿ ಇದು ಮೊದಲಿನಿಂದಲೂ ದುಡಿಯುವವರ ಆಟ.

ಬೆವನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾ ನೌಕಾಪಡೆಯಲ್ಲಿದ್ದರು. ಹಡಗಿನ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸ. 1945ರಲ್ಲಿ ಹಡಗು ಬ್ರಿಟನ್ನಿಗೆ ಬಂದಾಗ ಕ್ಲಬ್ಬುಗಳ ಬಾಗಿಲು ತಟ್ಟಿದರು. ಲೀಡ್ಸ್ ಬೇಡ ಅಂದಿತು. ಹನ್ಸ್ಲೆಟ್ ಕೂಡ ಬೇಡ ಅಂದಿತು. ಸಣಕಲು ಮೈ, ಉದುರುತ್ತಿದ್ದ ಕೂದಲು. ಇವರು ಈ ಒರಟು ಆಟ ಆಡಿಯಾರು ಎಂದು ಯಾರಿಗೆ ಅನ್ನಿಸಬೇಕು? ಹಿಂದೆ ವಾರಿಂಗ್ಟನ್ ಕ್ಲಬ್ಬಿಗೆ ಆಡಿದ್ದ, ಆಸ್ಟ್ರೇಲಿಯಾದವರೇ ಆದ ಬಿಲ್ ಶಾಂಕ್‌ಲ್ಯಾಂಡ್ ಅವರ ಪರಿಚಯದಿಂದ ವಾರಿಂಗ್ಟನ್ ಒಂದು ಅವಕಾಶ ಕೊಟ್ಟಿತು. ತಂತಿ ತಯಾರಿಸುವ ಕಾರ್ಖಾನೆಗಳ ಊರು ಅದು.

ಅಲ್ಲಿ ಅವರು 1962ರವರೆಗೆ ಆಡಿದರು. 620 ಪಂದ್ಯ, 740 ಟ್ರೈ. ಮಂಡಿಗೆ ದಪ್ಪ ಪಟ್ಟಿ ಸುತ್ತಿಕೊಂಡೇ ಮೈದಾನಕ್ಕೆ ಇಳಿಯುತ್ತಿದ್ದರು. 1954ರ ಚಾಲೆಂಜ್ ಕಪ್ ಫೈನಲ್ ಸಮವಾಗಿ, ಮರುಪಂದ್ಯ ನಡೆದಾಗ ಅಧಿಕೃತ ಲೆಕ್ಕದಲ್ಲೇ 1,02,569 ಜನ ಸೇರಿದ್ದರು. ಆ ಪಂದ್ಯ ಗೆದ್ದ ವಾರಿಂಗ್ಟನ್ ತಂಡದಲ್ಲಿ ಬೆವನ್ ಇದ್ದರು.

ಇಷ್ಟಾದರೂ ಆಸ್ಟ್ರೇಲಿಯಾ ಅವರನ್ನು ಆರಿಸಲಿಲ್ಲ, ಏಕೆಂದರೆ ತಂಡಕ್ಕೆ ತೆಗೆದುಕೊಳ್ಳುತ್ತಿದ್ದುದು ತವರಿನಲ್ಲಿ ಆಡುವವರನ್ನು ಮಾತ್ರ. ಇಂಗ್ಲೆಂಡ್ ತಂಡಕ್ಕೆ ಆಡೋಣವೆಂದರೆ ಅವರು ಅಲ್ಲಿಯವರಲ್ಲ. ಕೊನೆಗೆ ಅವರು ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ‘ಇತರ ದೇಶದವರು’ ಎಂಬ ಹೆಸರಿನ ತಂಡಕ್ಕೆ! ಹೊರಗಿನಿಂದ ಬಂದು ಇಂಗ್ಲೆಂಡಿನಲ್ಲಿ ಆಡುತ್ತಿದ್ದವರಿಗೆಂದೇ ಕಟ್ಟಿದ ತಂಡ ಅದು. ಹುಟ್ಟಿದ ನಾಡಿಗೆ ಬಿಟ್ಟುಹೋದವರು, ದುಡಿದ ನಾಡಿಗೆ ಹೊರಗಿನವರು. ಊರು ಬಿಟ್ಟು ದುಡಿಯಲು ಹೋದ ಯಾರಿಗಾದರೂ ಈ ಸ್ಥಿತಿ ವಿವರಿಸಿ ಹೇಳಬೇಕಾಗಿಲ್ಲ.

ಆಯ್ಕೆಗಾರರ ಪರವಾಗಿಯೂ ಒಂದು ಮಾತಿದೆ. ಆಗ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ದೂರದಲ್ಲಿರುವವರನ್ನು ಕರೆಸುವುದು ಸುಲಭವಿರಲಿಲ್ಲ. ತವರಿನಲ್ಲೇ ಉಳಿದು ಆಡಿದವರಿಗೆ ಮೊದಲ ಅವಕಾಶ ಸಿಗಬೇಕು ಅನ್ನುವುದೂ ಅನ್ಯಾಯವಲ್ಲ. ಒಪ್ಪೋಣ. ಆದರೆ ಆಸ್ಟ್ರೇಲಿಯಾ ತಂಡವೇ ಬ್ರಿಟನ್ನಿಗೆ ತಿಂಗಳುಗಟ್ಟಲೆ ಪ್ರವಾಸ ಬರುತ್ತಿತ್ತು. ಬೆವನ್ ಅಲ್ಲೇ ಇದ್ದರು. ಆಗಲೂ ಕರೆಯಲಿಲ್ಲ ಎಂದರೆ ಅಡ್ಡಿಯಾದದ್ದು ದೂರ ಅಲ್ಲ, ‘ಹೋದವನು ನಮ್ಮವನಲ್ಲ’ ಅನ್ನುವ ಮನಸ್ಸು.

ಇನ್ನೊಂದು ಲೆಕ್ಕ ನೋಡಿ. ಬ್ರಿಟನ್ನಿನ ರಗ್ಬಿ ಲೀಗ್‌ನಲ್ಲಿ ಟ್ರೈಗಳ ಪಟ್ಟಿಯಲ್ಲಿ ಬೆವನ್ ನಂತರದ ಹೆಸರು ಬಿಲ್ಲಿ ಬೋಸ್ಟನ್, 571 ಟ್ರೈ. ಅವರೂ ಹೊರಗಿನವರೇ. ವೇಲ್ಸ್‌ನ ಕಾರ್ಡಿಫ್ ಬಂದರಿನ ಬಡ ಕೇರಿಯಲ್ಲಿ ಹುಟ್ಟಿದ ಕಪ್ಪು ಹುಡುಗ, 1953ರಲ್ಲಿ ಇಂಗ್ಲೆಂಡಿನ ವಿಗನ್ ಸೇರಿದವರು. 2025ರಲ್ಲಿ ಅವರಿಗೆ ‘ಸರ್’ ಪದವಿ ಸಿಕ್ಕಿತು. ಈ ಆಟದಿಂದ ಅದನ್ನು ಪಡೆದ ಮೊದಲಿಗರು. ಪಟ್ಟಿಯ ಮೊದಲ ಎರಡು ಹೆಸರೂ ವಲಸೆ ಬಂದವರದು. ಬಂದವರಿಗೆ ಮೈದಾನ ಬಿಟ್ಟುಕೊಟ್ಟ ಊರುಗಳು ಏನೂ ಕಳೆದುಕೊಳ್ಳಲಿಲ್ಲ, ಗಳಿಸಿದವು.

ಬೆವನ್ 1991ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡರು. ವಾರಿಂಗ್ಟನ್ ಕ್ಲಬ್ಬಿನ ಮೈದಾನದ ಹೊರಗೆ ಈಗ ಅವರ ಪ್ರತಿಮೆ ಇದೆ. 2008ರಲ್ಲಿ ಆಸ್ಟ್ರೇಲಿಯಾ ತನ್ನ ಶತಮಾನದ ತಂಡವನ್ನು ಹೆಸರಿಸಿತು. ದೇಶಕ್ಕೆ ಒಮ್ಮೆಯೂ ಆಡದ ಬೆವನ್ ಹೆಸರು ಅದರಲ್ಲಿತ್ತು. ತೀರಿಕೊಂಡು ಸುಮಾರು 17 ವರ್ಷ ಕಳೆದಿದ್ದವು.

ತಡವಾಗಿಯಾದರೂ ಸೇರಿಸಿದ್ದು ಒಳ್ಳೆಯದೇ. ಆದರೆ ನಮ್ಮವರು ಎಂದು ಹೇಳುವುದಿದ್ದರೆ ಅವರ ಕಿವಿಗೆ ಬೀಳುವಾಗಲೇ ಹೇಳಬೇಕು. ಹೊರಗೆ ದುಡಿಯುವವರು ಇನ್ನೂ ಓಡುತ್ತಿರುವಾಗ ನಾವು ಅವರನ್ನು ಹೇಗೆ ನೋಡುತ್ತೇವೆ? ನಿಮ್ಮ ಊರಿನಿಂದ ಹೋದವರ ಹೆಸರುಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಂಡು ಯೋಚಿಸಿ.