ಅತ್ತಿಯವರ ಕವದಿ ಕೇಕು

ಅಕ್ಕಾರ, ತಂಗ್ಯಾರ, ಈ ಸಲ ಸ್ವಲ್ಪ ಜಗಳಾನ ತಗೀತೀನಿ. ಬೈಯೂದಿದ್ರ ಮೊದಲ ನನಗ ಬೈರಿ, ಯಾಕಂದ್ರ ತಪ್ಪು ಮಾಡಿದಾಕಿ ನಾನ.

ಹೋದ ತಿಂಗಳ ನಮ್ಮ ಅತ್ತಿಯವರಿಗೆ 80 ತುಂಬಿತು. ಮಕ್ಕಳು 'ಆಯಿಗೆ ಥೀಮ್ ಕೇಕ್ ಬೇಕ' ಅಂತ ಹಟ ಹಿಡದ್ರು. ಅತ್ತಿಯವರು ಜನ್ಮ ಪೂರ್ತಿ ಹಳೇ ಸೀರಿ ತುಂಡು ಕೂಡಿಸಿ ಕವದಿ ಹೊಲದವರು. ಹಂಗಾಗಿ ಕವದಿ ಕೇಕ್ ಅಂತ ಠರಾವಾತು. ಅವರನ್ನ ಯಾರೂ ಕೇಳಲಿಲ್ಲ.

ಫಾಂಡಂಟ್ ಅಂದ್ರ ಮತ್ತೇನಿಲ್ಲ, ಸಕ್ಕರಿ ಕಣಕ. ಲಟ್ಟಿಸಿ ಕೇಕಿಗೆ ಹೊಚ್ಚೂದು. ಎರಡು ದಿನ ಕುಂತು ಬಣ್ಣ ನಾದಿ, ಚೌಕ ಚೌಕ ಕತ್ತರಿಸಿ, ಟೂತ್‌ಪಿಕ್ ತುದಿಲೆ ಹೊಲಿಗಿ ಗೆರಿ ಎಳದೆ. ಬಂದವರೆಲ್ಲಾ 'ಅಯ್ಯ, ಖರೇ ಕವದಿನ ನೋಡ್ರಿ' ಅಂದ್ರು. ಫೋಟೋ ಮ್ಯಾಲೆ ಫೋಟೋ. ನನಗೂ ಎದಿ ಉಬ್ಬಿತ್ತು, ಸುಳ್ಳ ಯಾಕ ಹೇಳ್ಲಿ.

ಅತ್ತಿಯವರು ಒಂದು ತುಂಡು ಬಾಯಾಗ ಇಟ್ಟರು. ಆ ಫಾಂಡಂಟ್ ಅವರ ಹಲ್ಲಿನ ಸೆಟ್ಟಿಗೆ ರಬ್ಬರಿನಂಗ ಅಂಟಿಕೊಂಡಿತು. ಸೆರಗು ಬಾಯಿಗೆ ಹಿಡಕೊಂಡು ಸುಮ್ಮನ ಒಳಗ ಹೋದರು. ನಾ ಹಿಂದ ಹೋಗಿ ನೋಡಿದ್ರ ಬಚ್ಚಲದಾಗ ಸೆಟ್ಟು ತೊಳೀತಿದ್ದರು. 'ಭಾಳ ಚಂದ ಮಾಡೀದಿ ವಾ. ಆದ್ರ ಇದರಾಗ ನಾ ತಿನ್ನೂದು ಯಾವುದು?' ಅಂದರು. ನನ್ನ ಕಡೆ ಉತ್ತರ ಇರಲಿಲ್ಲ.

ಹೊರಗ ಬಂದು ತಾಟು ನೋಡಿದೆ. ಎಲ್ಲಾರೂ ಫಾಂಡಂಟ್ ಸುಲದು ಅಂಚಿಗೆ ಇಟ್ಟಿದ್ದರು. 8 ಇಂಚಿನ ಕೇಕ್ ಮುಚ್ಚಲಿಕ್ಕೆ ಮುಕ್ಕಾಲು ಕಿಲೋ ಹತ್ರ ಫಾಂಡಂಟ್ ಬೇಕ್ರಿ, ಅದರಾಗ ಬಹುಪಾಲು ಬರೇ ಸಕ್ಕರಿ. ಸಕ್ಕರಿ ಬ್ಯಾನಿ ಇದ್ದವರ ಹುಟ್ಟುಹಬ್ಬಕ್ಕ! ಒಂದು ಚಿಂದಿ ಬಟ್ಟಿ ಸುದ್ದಾ ಚೆಲ್ಲದವರ ಹೆಸರಲೆ ಅಷ್ಟೂ ಕಸದ ಬುಟ್ಟಿಗೆ ಹೋತು. ಇದು ಅವರಿಗೆ ಮಾಡಿದ ಮರ್ಯಾದಿ ಏನ್ರಿ?

'ವರ್ಷಕ್ಕ ಒಂದ ದಿನ, ಇರ್ಲಿ ಬಿಡ್ರಿ' ಅಂತೀರಿ. ಆ ಒಂದು ದಿನಾನ ಅವರದಲ್ಲೇನು? ಅವತ್ತಾದ್ರೂ ಅವರ ಬಾಯಿಗೆ ಹಿಡಿಸೂದು ಮಾಡಬ್ಯಾಡೇನು? ಕೇಕ್ ನಮ್ಮ ಪದ್ಧತಿ ಅಲ್ಲ ಅಂತ ನಾ ಹೇಳಾಕತ್ತಿಲ್ಲ. ಅತ್ತಿಯವರಿಗೆ ಕೇಕ್ ಇಷ್ಟ, ಚಾದಾಗ ಎದ್ದಿ ತಿಂತಾರ. ನಾ ಹೇಳೂದು, ಹಿರ್ಯಾರ ಹೆಸರಲೆ ನಾವು ನಮ್ಮ ಕೈಚಳಕ ತೋರಸಾಕತ್ತೀವಿ, ಅಷ್ಟ. ಇನ್ನ ಕೋಲು, ಚಾಳೀಸು, ಬೊಚ್ಚು ಬಾಯಿ ಮಾಡಿ ಕೇಕಿನ ಮ್ಯಾಲೆ ಕುಂಡ್ರಸೂದಂತೂ ಬ್ಯಾಡs ಬ್ಯಾಡ. ಅವರು ನಕ್ಕರೂ ಒಳಗ ಚುಚ್ಚತದ.

ಅಲಂಕಾರ ಬಿಡ್ರಿ ಅನ್ನಂಗಿಲ್ಲ. ಫಾಂಡಂಟ್ ಮಾಡೂದಾದ್ರ ಅಂಗೈ ಅಗಲದ್ದು ಒಂದು ತುಂಡು ಮಾಡಿ, ಕೆಳಗ ಬಟರ್ ಪೇಪರ್ ಇಟ್ಟು ಮ್ಯಾಲೆ ಕುಂಡ್ರಸ್ರಿ, ಕೊಯ್ಯೂ ಮುಂಚೆ ಎತ್ತಿ ಇಡಲಿಕ್ಕೆ ಬರ್ತದ. ಬೊಂಬಿ ನಿಲ್ಲಸಾಕ ಒಳಗ ತಂತಿ, ಟೂತ್‌ಪಿಕ್ ಚುಚ್ಚಬ್ಯಾಡ್ರಿ, ಕಣ್ಣು ಮಂದ ಆದವರ ಬಾಯಿಗೆ ಹೋದ್ರ ಏನ್ ಗತಿ? ಪಾಕೀಟಿನ ಮ್ಯಾಲೆ ಹಸಿರು ಚುಕ್ಕಿ ನೋಡೇ ತರ್ರಿ. ಎಷ್ಟೋ ಫಾಂಡಂಟ್‌ದಾಗ ಜೆಲಾಟಿನ್ ಇರ್ತದ, ಅದು ಪ್ರಾಣಿ ಚರ್ಮ, ಎಲುಬಿನಿಂದ ತಗದದ್ದು. ಜನ್ಮದಾಗ ತತ್ತಿ ಸುದ್ದಾ ಮುಟ್ಟದವರಿಗೆ ಅದನ್ನ ತಿನಿಸಿ ಪಾಪ ಕಟ್ಟಿಕೋಬ್ಯಾಡ್ರಿ.

ಮುಂದಿನ ವಾರ ಮೊಸರು ಹಾಕಿ, ಸಕ್ಕರಿ ಕಡಿಮಿ ಮಾಡಿ ಸಾದಾ ರವಾ ಕೇಕ್ ಮಾಡಿದೆ. ಅತ್ತಿಯವರು ಚಾದಾಗ ಎದ್ದಿ ಎರಡು ತುಂಡು ತಿಂದರು. ಅದರ ಫೋಟೋ ಯಾರೂ ತಗೀಲಿಲ್ಲ.

ನಿಮ್ಮ ಮನ್ಯಾಗ ಹಿರ್ಯಾರ ಹುಟ್ಟುಹಬ್ಬ ಬಂದ್ರ, ಫೋನಿನಾಗ ಡಿಸೈನ್ ಹುಡುಕೂ ಮುಂಚೆ ಅವರ ಮುಂದ ಕುಂತು ಒಂದ ಮಾತು ಕೇಳ್ರಿ: 'ನಿಮಗ ಏನು ತಿನ್ನಬೇಕನಸ್ತದ?'